ಮೂರು ನಟ್ಟಿನ ಕಥೆ, ಒಂದು ತಂಬಿಗೆ ನೀರು

ಫೆಬ್ರುವರಿ ೧೨, ಗುರುವಾರ

ಮೂರು ನಟ್ಟಿನ ಕಥೆಯನ್ನು ಮೊದಲು ಹೇಳಿದವಳು ಪ್ರಾಜಕ್ತಾ ಎಂಬ ಹುಡುಗಿ. ಹೇಳಿದ್ದು ಇವತ್ತೇ, ರೊಟ್ಟಿ ಗಂಟು ಬಿಚ್ಚುವ ಹೊತ್ತಿಗೆ, ಸೊಲ್ಲಾಪುರದ ಅಕ್ಕಲಕೋಟ ರಸ್ತೆಯಲ್ಲಿರುವ ನಮ್ಮ ಟಾವೆಲ್ ಕಾರ್ಖಾನೆಯ ಹೀಟರ್ ಕೋಣೆಯಲ್ಲಿ. ಕೇಳಿದವರು ಇಬ್ಬರು: ನಾನು ಮತ್ತು ಪಂಪಿನ ಫಿಟ್ಟರ್ ತುಕಾರಾಮ. ಕಥೆ ಒಳ್ಳೆಯದಿತ್ತು, ಹೇಳುವ ಕಲೆ ಮಾತ್ರ ಹುಡುಗಿಗೆ ಬಾರದು. ಕರಜಗಿಯಲ್ಲಿ ನಮ್ಮ ಅಜ್ಜ ಪೀರಪ್ಪ ಕುರಿ ಹಟ್ಟಿಯ ಮುಂದೆ ಕೂತು ನಮ್ಮ ಕುಲದೇವರು ಬೀರೋಬಾನ ಕಥೆ ತೆಗೆದರೆ ಕುರಿಗಳು ಮೆಲುಕು ಹಾಕುವುದನ್ನು ಬಿಟ್ಟು ಕೇಳುತ್ತಿದ್ದವು. ಅವನ ಮೊಮ್ಮಗ ಭೀಮಶಾ ನಾನು. ಕಥೆ ಎಲ್ಲಿ ಎಳೆಯಬೇಕು, ಎಲ್ಲಿ ಬಿಡಬೇಕು ಎಂಬುದು ನನಗೆ ಗೊತ್ತು.

ಹುಡುಗಿ ಅಂದರೆ ನಮ್ಮ ಸಾವಕಾರ ಅವಿನಾಶರ ಅಣ್ಣನ ಮಗಳು. ರಸಾಯನದ ಇಂಜಿನಿಯರಿಂಗ್ ಓದಿ ಬಂದಿದ್ದಾಳೆ. ತುಕಾರಾಮನ ಡಬ್ಬಿಯಿಂದ ಮೂರು ನಟ್ಟು ತೆಗೆದು ಮೇಜಿನ ಮೇಲಿಟ್ಟಳು.

"ಕಾಕಾ, ಈ ನಟ್ಟಿಗೆ ಆರು ಮೂಲಿ ಅದಾವ. ಹೊಸಾ ಎಣ್ಣಿಯ ಒಂದೊಂದು ಕಣದಾಗ ಇಂಥಾವು ಮೂರು ಉಂಗುರ. ಮೂಲಿಗೊಂದು ಕಾರ್ಬನ್. ನಡುವಿನ ಉಂಗುರಕ್ಕ ಉಳಿದ ಎರಡು ಜೋಡಿಸಿರತಾವ. ಇದಕ್ಕ ಟರ್ಫಿನೈಲ್ ಅಂತಾರ."

ಹೊರಗಿನ ಎರಡು ನಟ್ಟುಗಳನ್ನು ನಡುವಿನದರ ಅಕ್ಕಪಕ್ಕದ ಮೂಲೆಗಳಿಗೆ ಹಚ್ಚಿದಳು. ಅದು ಆರ್ಥೋ. ನಡುವೆ ಒಂದು ಮೂಲೆ ಬಿಟ್ಟು ಹಚ್ಚಿದಳು. ಅದು ಮೆಟಾ. ಎದುರುಬದುರು ಹಚ್ಚಿ ಮೂರನ್ನೂ ನೆಟ್ಟಗೆ ಸಾಲು ಮಾಡಿದಳು. ಅದು ಪ್ಯಾರಾ. ಸಾಮಾನು ಒಂದೇ, ಕೂಡಿಸಿದ ರೀತಿ ಬೇರೆ. ಆದರೆ ಗುಣ ನೋಡಿ: ಆರ್ಥೋ ಐವತ್ತೇಳು ಡಿಗ್ರಿಗೇ ಕರಗುತ್ತದೆ, ಮೆಟಾ ಎಂಬತ್ತೇಳಕ್ಕೆ, ಪ್ಯಾರಾ ಇನ್ನೂರ ಹದಿಮೂರರ ತನಕ ಕಲ್ಲಾಗಿ ಕೂತಿರುತ್ತದೆ. ನೆಟ್ಟಗಿನ ಕಟ್ಟಿಗೆ ಬಿಗಿಯಾಗಿ ಒಟ್ಟಬಹುದು, ಸೊಟ್ಟವು ಹಾಗೆ ಕೂಡುವುದಿಲ್ಲ, ಅದಕ್ಕೇ ಹೀಗೆ ಅಂದಳು. ಮೂರನ್ನೂ ಬೆರೆಸಿ ಒಂದಿಷ್ಟು ಹೈಡ್ರೋಜನ್ ಕೂಡಿಸಿದರೆ ಚಳಿಯಲ್ಲೂ ಗಟ್ಟಿಯಾಗದ, ಮುನ್ನೂರು ಡಿಗ್ರಿಯಲ್ಲೂ ಕುದಿಯದ ಎಣ್ಣೆ ಸಿಗುತ್ತದಂತೆ.

"ಕಥಿ ಮುಗೀತೇನ್ರಿ ತಾಯಿ? ನನ್ನ ನಟ್ಟು ವಾಪಸ್ ಕೊಡ್ರಿ," ಅಂದ ತುಕಾರಾಮ.

ನಮ್ಮ ಹೀಟರಿನ ಕೆಲಸ ಸರಳ. ಕೆಳಗೆ ಬೆಂಕಿ, ನಡುವೆ ಎಣ್ಣೆಯ ಪೈಪು. ಕಾದ ಎಣ್ಣೆಯನ್ನು ಪಂಪು ಬಟ್ಟೆ ಒಣಗಿಸುವ ಯಂತ್ರಕ್ಕೆ ಒಯ್ಯುತ್ತದೆ, ಬಿಸಿ ಕೊಟ್ಟ ಎಣ್ಣೆ ತಿರುಗಿ ಬರುತ್ತದೆ. ಹದಿನೆಂಟು ವರ್ಷ ಆಯಿತು, ಈ ಹೀಟರಿನ ಸಪ್ಪಳ ಕೇಳಿಯೇ ಅದಕ್ಕೆ ಏನು ಬೇಕೆಂದು ಹೇಳುತ್ತೇನೆ. ಈಗ ಪಡದೆ ಬಟ್ಟೆಗೆಂದು ಹೊಸ ಯಂತ್ರ ಬಂದಿದೆ. ಅದಕ್ಕೆ ಹೆಚ್ಚು ಕಾವು ಬೇಕು, ಹಳೆಯ ಎಣ್ಣೆ ಅಷ್ಟಕ್ಕೆ ಕರಕಾಗುತ್ತದೆ. ಅದಕ್ಕೇ ಈ ಹುಡುಗಿ ಸಾವಕಾರರ ಬೆನ್ನು ಹತ್ತಿ ಹೊಸ ಎಣ್ಣೆ ತರಿಸಿದ್ದಾಳೆ.

ಸಾವಕಾರರು ಎಲ್ಲರೆದುರಿಗೇ ಕರಾರು ಹಾಕಿದರು: "ನಡೀತು ಅಂದ್ರ ಹೀಟರ್ ಕೋಣಿ ನಿನ್ನ ತಾಬೆ. ನಡೀಲಿಲ್ಲಂದ್ರ ಎಣ್ಣಿ ವಾಪಸ್, ನೀನು ಚಾಟಿ ಗಲ್ಲಿಯ ನಿಮ್ಮಪ್ಪನ ಅಂಗಡಿ ಗಾದಿ ಮ್ಯಾಲೆ ಕುಂದರೂದು. ಮತ್ತ ಇಲ್ಲಿ ಕಾಲಿಡಂಗಿಲ್ಲ."

ನನ್ನ ಹೀಟರ್ ಹುಡುಗಿಯ ತಾಬೆಗೆ! ಹತ್ತು ದಿನ ಕೊಡುತ್ತೇನೆ. ಗಾದಿ ಮೇಲೆ ಕೂತಿರುತ್ತಾಳೆ.

ಫೆಬ್ರುವರಿ ೧೪, ಶನಿವಾರ

ಇಪ್ಪತ್ತು ಬ್ಯಾರಲ್ ಎಣ್ಣೆ ಹೀಟರಿನ ಹೊಟ್ಟೆಗೆ ಹೋಯಿತು. ತಿಳಿ ಹಳದಿ ಬಣ್ಣ, ವಾಸನೆ ಬಹಳ ಇಲ್ಲ. ಹುಡುಗಿ ಬಾಟಲಿಯಲ್ಲಿ ಎಣ್ಣೆ, ನೀರು ಎರಡನ್ನೂ ಹಾಕಿ ಅಲುಗಾಡಿಸಿ ತೋರಿಸಿದಳು. ಹಳೆಯ ಎಣ್ಣೆ ಆಗಿದ್ದರೆ ಕ್ಷಣದಲ್ಲಿ ಮೇಲೆ ತೇಲುತ್ತಿತ್ತು. ಇದು ಹೆಚ್ಚುಕಡಿಮೆ ನೀರಿನಷ್ಟೇ ತೂಕ. ನೀರು ಎಣ್ಣೆಯೊಳಗೆ ಮಣಿಮಣಿಯಾಗಿ ಅಡಗಿ ಕೂತಿತು, ಕೆಳಗಿಳಿಯಲು ಮನಸ್ಸಿಲ್ಲ. "ನೋಡಿರಿ ಕಾಕಾ," ಅಂದಳು. ನೋಡಿದೆ. ಬಾಟಲಿ ಆಟ ನಮ್ಮ ಕಾಲದಲ್ಲಿ ಇರಲಿಲ್ಲ, ಹೀಟರ್ ನಡೆಯುತ್ತಿತ್ತು.

ಛಾವಣಿಯ ಮೇಲಿನ ತೊಟ್ಟಿಗೆ ಮುಚ್ಚಳದ ಸಂದು ಮುಚ್ಚುವ ಪ್ಯಾಕಿಂಗ್ ಬಂದಿಲ್ಲ. ಸುಮ್ಮನೆ ಮುಚ್ಚಳ ಇಟ್ಟು ಬಂದೆವು, ನಟ್ಟು ಬಿಗಿಯುವುದು ಸೋಮವಾರ. ಕಾದ ಎಣ್ಣೆ ಹಿಗ್ಗಿದಾಗ ಏರಿ ಕೂಡುವ ಜಾಗ ಅದು. ಹುಡುಗಿ ಏಣಿಯ ಬುಡದಲ್ಲಿ ಮರಾಠಿಯಲ್ಲಿ ಬರೆದ ಬೋರ್ಡು ತೂಗುಹಾಕಿದಳು: ಎಣ್ಣೆಗೆ ನೀರು ತಾಗಿಸಬೇಡಿ. ಕನ್ನಡದಲ್ಲೂ ಬರೆಯಿರಿ ಅಂತ ನನಗೆ ಸೀಮೆಸುಣ್ಣ ಕೊಟ್ಟಳು, ಅವಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ದಪ್ಪಗೆ ಬರೆದೆ. ನನ್ನ ಅಕ್ಷರ ಇವತ್ತಿಗೂ ಗುಂಡಗಿದೆ.

ಫೆಬ್ರುವರಿ ೧೫, ರವಿವಾರ, ಶಿವರಾತ್ರಿ

ನಿನ್ನೆ ಸಂಜೆ ಕರಜಗಿಗೆ ಹೋಗಿ ಇವತ್ತು ಮೊದಲ ಎಸ್‌ಟಿ ಬಸ್ಸಿಗೆ ತಿರುಗಿ ಬಂದೆ. ಬೀರೋಬಾನ ಗುಡಿಯ ಬಾವಿಯಿಂದ ಒಂದು ತಂಬಿಗೆ ತೀರ್ಥ ತಂದಿದ್ದೆ. ಬಸ್ಸಿನಲ್ಲಿ ಒಂದು ಹನಿ ಚೆಲ್ಲಲಿಲ್ಲ, ಮೈಂದರ್ಗಿ ರಸ್ತೆಯ ಹೊಂಡದಲ್ಲೂ ಚೆಲ್ಲಲಿಲ್ಲ.

ಹಳೆಯ ಎಣ್ಣೆಗೆ ಹದಿನೆಂಟು ವರ್ಷ ಪ್ರತಿ ಅಮಾವಾಸ್ಯೆಗೆ ಒಂದು ಚಮಚೆ ತೀರ್ಥ ಹಾಕಿದ್ದೇನೆ. ಬೇರೆ ಕಾರ್ಖಾನೆಗಳಲ್ಲಿ ಏನೇನೋ ಆಯಿತು, ನಮ್ಮಲ್ಲಿ ಒಬ್ಬರ ಕೂದಲು ಸುಡಲಿಲ್ಲ. ಮರುದಿನ ಮುಂಜಾನೆ ತೊಟ್ಟಿಯ ಬುಡದ ನಲ್ಲಿ ತಿರುವಿದರೆ ಒಂದಿಷ್ಟು ನೀರು ಬರುತ್ತಿತ್ತು, ಯಂತ್ರದ ಬೆವರು ಅಂತ ಒರೆಸುತ್ತಿದ್ದೆ. ಈ ಸಲ ಎಣ್ಣೆ ಹೊಸದು, ಯಂತ್ರ ಹೊಸದು, ಹುಡುಗಿಯೂ ಹೊಸಬಳು. ಚಮಚೆ ಸಾಲದು ಅನ್ನಿಸಿತು.

ಗೇಟಿನ ಶಿವಶರಣ ಯಾಕೆ ಬಂದಿರಿ ಅಂತ ಕೇಳಲೂ ಇಲ್ಲ, ತಲೆ ತಗ್ಗಿಸಿ ಬೀಗ ತೆಗೆದ. ಏಣಿ ಹತ್ತಿ, ಮುಚ್ಚಳ ಸರಿಸಿ, ಬೀರೋಬಾನನ್ನು ನೆನೆದು, ತಂಬಿಗೆ ಪೂರ್ತಿ ಬಗ್ಗಿಸಿದೆ. ಹುಡುಗಿ ಸೋಲಲಿ ಅಂತ ಅಲ್ಲ, ಹೀಟರ್ ತಣ್ಣಗಿರಲಿ ಅಂತ. ಬೋರ್ಡು ನೆನಪಿತ್ತು. ಅದರಲ್ಲಿ ನೀರು ಅಂತ ಇದೆ. ತೀರ್ಥದ ಮಾತು ಇಲ್ಲ.

ಮುಚ್ಚಳದ ಮೇಲೆ ಎರಡು ಬಿಲ್ವಪತ್ರೆ ಬಿದ್ದಿದ್ದವು. ಗಾಳಿಗೆ ಬಂದಿರಬೇಕು.

ಫೆಬ್ರುವರಿ ೧೬, ಸೋಮವಾರ

ಒಂಬತ್ತಕ್ಕೆ ಬೆಂಕಿ ಹಾಕಿದೆವು. ಸಾವಕಾರರು ತೆಂಗಿನಕಾಯಿ ಒಡೆದರು. ಅರವತ್ತು, ಎಂಬತ್ತು, ತೊಂಬತ್ತು. ಎಲ್ಲ ರೇಷ್ಮೆಯ ಹಾಗೆ. ಹುಡುಗಿಯ ಮುಖ ಅರಳಿತ್ತು.

ನೂರು ದಾಟಿತು ನೋಡಿ, ಪಂಪಿನ ಹೊಟ್ಟೆಯಲ್ಲಿ ಜೋಳ ಹುರಿದ ಸಪ್ಪಳ. ಒತ್ತಡದ ಮುಳ್ಳು ಚಳಿಜ್ವರ ಬಂದವರ ಹಾಗೆ ನಡುಗಿತು. "ಬೆಂಕಿ ತೆಗೀರಿ!" ಅಂತ ಹುಡುಗಿ ಕೂಗಿದಳು. ಅವಳು ಕೂಗುವ ಮೊದಲೇ ನಾನು ಬೆಂಕಿ ಎಳೆದಿದ್ದೆ. ಆದರೂ ಮೇಲಿನ ತೊಟ್ಟಿಯ ಗಾಳಿಕೊಳವೆ ಬುಸ್ಸಂತ ಎಣ್ಣೆ ಉಗುಳಿತು. ಏಣಿಯ ಮೇಲಿದ್ದ ತುಕಾರಾಮನ ಮುಂಗೈಗೆ ಸಿಡಿಯಿತು. ಅಂಗೈಯಗಲ ಬೊಬ್ಬೆ ಎದ್ದಿದೆ. ದವಾಖಾನೆಯಲ್ಲಿ ಪಟ್ಟಿ ಕಟ್ಟಿದರು.

"ನನ್ನ ನಟ್ಟು ಇಸಗೊಂಡು ಕಥಿ ಹೇಳಿದ್ರಲ್ಲಾ ತಾಯಿ, ಅದರ ಬಡ್ಡಿ ಇದು," ಅಂತ ಅವನೇ ನಗಿಸಿದ. ಹುಡುಗಿ ನಗಲಿಲ್ಲ.

ಎಣ್ಣೆಯದೇ ದೋಷ ಅಂದರು ಸಾವಕಾರರು. ಇರಬಹುದು ಅಂದೆ ನಾನು.

ಫೆಬ್ರುವರಿ ೧೭, ಮಂಗಳವಾರ

ಏನೂ ಬರೆಯುವುದಿಲ್ಲ. ತುಕಾರಾಮನಿಗೆ ಎಡಗೈಯಲ್ಲಿ ರೊಟ್ಟಿ ಮುರಿಯಲು ಬರುವುದಿಲ್ಲ.

ಫೆಬ್ರುವರಿ ೧೮, ಬುಧವಾರ

ಪ್ರಾಜಕ್ತಾ ಎರಡು ಹನಿಯ ಪರೀಕ್ಷೆ ಮಾಡಿದಳು. ರೊಟ್ಟಿ ಹಂಚು ಕಾಯಿಸಿ, ಹೀಟರಿನಿಂದ ತೆಗೆದ ಎಣ್ಣೆಯ ಒಂದು ಹನಿ ಬಿಟ್ಟಳು. ಚಟಚಟ ಅಂತ ಸಿಡಿಯಿತು. ಬ್ಯಾರಲಿನ ಬುಡದಲ್ಲಿ ಉಳಿದಿದ್ದ ಎಣ್ಣೆಯ ಹನಿ ಬಿಟ್ಟಳು. ಸದ್ದಿಲ್ಲದೆ ಹರಡಿತು.

"ಬ್ಯಾರಲಿನಾಗ ನೀರಿಲ್ಲ. ಹೀಟರಿನಾಗ ಅದ. ಎಲ್ಲಿಂದ ಬಂತು ಕಾಕಾ?" ಅಂತ ಸಾವಕಾರರನ್ನು ಕೇಳಿದಳು.

"ಒಂದು ಬ್ಯಾರಲ್ ನೋಡಿ ಇಪ್ಪತ್ತರ ಜಾತಕ ಹೇಳಬ್ಯಾಡ," ಅಂದರು ಸಾವಕಾರರು. "ಉಳಿದವು ಹಸಿ ಇದ್ವು ಅಂತ ನಾ ಅಂತೀನಿ. ಬರೂ ಮಂಗಳವಾರ ಮುಂಜಾನೆ ಹನ್ನೊಂದಕ್ಕ ಎಣ್ಣಿ ಕೊಟ್ಟವರ ಟ್ಯಾಂಕರ್ ಬರತದ. ಎಣ್ಣಿ ತುಂಬಿ ಕಳಸೂದು. ನಿಮ್ಮ ಅಪ್ಪಗ ಫೋನ್ ಮಾಡೀನಿ, ಅಂಗಡಿ ಗಾದಿ ಝಾಡಿಸಿ ಇಡಂತ."

ಪ್ರಾಜಕ್ತಾ ಜಗಳ ಆಡಲಿಲ್ಲ. ಹಂಚು ಒರೆಸಿ, ಒಲೆ ಆರಿಸಿ, ನನಗೆ ಕೇಳಿದಳು: ಒಂದು ಲೀಟರ್ ನೀರು ಹಬೆ ಆದರೆ ಎಷ್ಟಾಗುತ್ತದೆ ಗೊತ್ತೇನು? ಹದಿನಾರು ನೂರು ಲೀಟರಿಗಿಂತ ಹೆಚ್ಚು.

ನಾನು ಅಂದುಕೊಂಡಂತೆಯೇ ಆಯಿತು. ಹತ್ತು ದಿನ ಕೊಟ್ಟಿದ್ದೆ, ಆರೇ ದಿನ ಹಿಡಿಯಿತು. ನನಗೆ ಸಂತೋಷ ಆಗಬೇಕು. ಊಟ ರುಚಿಸದ್ದಕ್ಕೆ ಖಾನಾವಳಿಯವನ ಬೇಳೆಯೇ ಕಾರಣ, ಬೇರೇನಿಲ್ಲ.

ಫೆಬ್ರುವರಿ ೧೯, ಗುರುವಾರ, ಕರಜಗಿ

ಶಿವಾಜಿ ಜಯಂತಿಯ ರಜೆ. ಮನೆಯಲ್ಲಿ ಹೆಂಡತಿ ಜನಾಬಾಯಿ ಬೆಣ್ಣೆ ಕಾಸುತ್ತಿದ್ದಳು. ಚಟಚಟ ಸದ್ದು ಕೇಳಿ ಎರಡು ಹೆಜ್ಜೆ ಹಿಂದೆ ಸರಿದೆ.

"ಯಾಕ್ರೀ, ತುಪ್ಪಕ್ಕೂ ಅಂಜತೀರೇನು?"

"ಅದು ಯಾಕ ಒದರತದ?"

"ಹದಿನೆಂಟು ವರ್ಷ ಎಣ್ಣಿ ಕಾಸಿ ಇಷ್ಟೂ ತಿಳೀಲಿಲ್ಲ? ಬೆಣ್ಣಿಯೊಳಗ ಮಜ್ಜಗಿ ನೀರು ಇರತದ. ಅದು ಹೋಗೂತನಕ ಒದರತದ. ಉರಿ ಜೋರ ಮಾಡಿದ್ರ ಮಾರಿಗೇ ಸಿಡೀತದ. ಸಣ್ಣ ಉರಿ ಇಟ್ಟು ಕಾಯಬೇಕು. ಸದ್ದು ನಿಂತಿತೋ, ತುಪ್ಪ ಆಯ್ತು."

ಸದ್ದು ನಿಲ್ಲುವ ತನಕ ಒಲೆಯ ಮುಂದೆ ಕೂತೆ. ಆಮೇಲೆ ಅವಳಿಗೆ ತಂಬಿಗೆಯ ಮಾತು ಹೇಳಿದೆ. ಜನಾಬಾಯಿ ಸೌಟು ಕೆಳಗಿಟ್ಟಳು.

"ತುಕಾರಾಮ ಭಾವಗ ಹೇಳೀರಿ?"

"ಇಲ್ಲ."

"ಆ ಹುಡುಗಿಗೆ?"

"ಇಲ್ಲ."

"ಬೀರೋಬಾ ನಿಮಗ ತೀರ್ಥ ಕೊಟ್ಟಿದ್ದು ಕುಡೀಲಿ ಅಂತ," ಅಂದಳು. "ಮಂದಿ ಮ್ಯಾಲೆ ಕುದಿಸಿ ಉಗ್ಗಲಿ ಅಂತ ಅಲ್ಲ." ಊಟಕ್ಕೆ ಬಡಿಸಿದಳು, ತುಪ್ಪ ಮಾತ್ರ ಹಾಕಲಿಲ್ಲ.

ಫೆಬ್ರುವರಿ ೨೦, ಶುಕ್ರವಾರ

ಮೊದಲ ಬಸ್ಸಿಗೆ ಬಂದೆ. ಪ್ರಾಜಕ್ತಾ ಒಬ್ಬಳೇ ಹೀಟರ್ ಕೋಣೆಯಲ್ಲಿ ತನ್ನ ಪುಸ್ತಕ, ಕಾಗದ ಎಲ್ಲ ಚೀಲಕ್ಕೆ ತುಂಬುತ್ತಿದ್ದಳು.

"ತಾಯಿ, ನೀರು ನಾ ಹಾಕೀನಿ."

ಅವಳಿಗೆ ಅರ್ಥ ಆಗಲಿಲ್ಲ. ತಂಬಿಗೆ, ಬಾವಿ, ಬಸ್ಸು, ಏಣಿ, ಎಲ್ಲ ಸಾಲಾಗಿ ಹೇಳಿದೆ.

"ಬೋರ್ಡ್ ಓದಿರಲಿಲ್ಲೇನು?"

"ನಾನೇ ಬರದದ್ದಲ್ಲಾ. ನೀರು ಬ್ಯಾಡ ಅಂತ ಇತ್ತು."

"ಮತ್ತ?"

"ಅದು ತೀರ್ಥ ಇತ್ತು."

ಅವಳು ಚೀಲ ತುಂಬುವುದನ್ನು ಬಿಟ್ಟು ಸ್ಟೂಲಿನ ಮೇಲೆ ಕೂತಳು. ಬೈದಿದ್ದರೆ ಚೆನ್ನಾಗಿತ್ತು. "ಕಾಕಾ, ತುಕಾರಾಮ ಕಾಕಾ ಇನ್ನೊಂದು ಮೆಟ್ಟಿಲ ಮ್ಯಾಲಿದ್ದಿದ್ರ ಕಣ್ಣು ಹೋಗತಿತ್ತು," ಅಂದಳು. ಹೌದು ಅಂದೆ.

ಹಳೆಯ ಎಣ್ಣೆಗೆ ಹಾಕಿದಾಗ ಏನೂ ಆಗಲಿಲ್ಲವಲ್ಲ ಅಂದೆ. ಮತ್ತೆ ಅದೇ ಬಾಟಲಿ ತೆಗೆದಳು. ಹಳೆಯ ಎಣ್ಣೆ ಹಗುರ, ನೀರು ತೊಟ್ಟಿಯ ಬುಡಕ್ಕಿಳಿದು ನಲ್ಲಿಯಿಂದ ಹೊರಗೆ ಹೋಗುತ್ತಿತ್ತು. ನಾನು ಬೆವರು ಅಂತ ಒರೆಸಿದ್ದು ನನ್ನದೇ ತೀರ್ಥ. ಹೊಸ ಎಣ್ಣೆ ನೀರಿನಷ್ಟೇ ತೂಕ. ನೀರು ಇಳಿಯಲಿಲ್ಲ, ಎಣ್ಣೆಯ ಜೊತೆಗೇ ಪಂಪಿಗೆ, ಪಂಪಿನಿಂದ ಬೆಂಕಿಗೆ ಹೋಯಿತು. ಶನಿವಾರ ಇದನ್ನೇ ತೋರಿಸಿದ್ದಳು. ನಾನು ನೋಡಿದ್ದೆ, ಕಂಡಿರಲಿಲ್ಲ.

"ಈಗ ಏನ್ ಮಾಡೂದು?" ಅಂತ ಅವಳೇ ಕೇಳಿದಳು, ನನಗಲ್ಲ, ಪುಸ್ತಕಕ್ಕೆ.

"ತುಪ್ಪ ಕಾಸೂದು," ಅಂದೆ.

ಸಣ್ಣ ಉರಿ, ನೂರ ಹತ್ತು ಡಿಗ್ರಿ, ಎಣ್ಣೆಯನ್ನು ತೊಟ್ಟಿಯ ಮೂಲಕ ಸುತ್ತಿಸುತ್ತ ಇರಬೇಕು, ಸದ್ದು ನಿಲ್ಲುವ ತನಕ. ಅವಳು ಪುಸ್ತಕ ತೆರೆದು ಓದಿದಳು. ಅದರಲ್ಲಿಯೂ ಅದೇ ಬರೆದಿದೆ, ನೂರ ಹತ್ತು ಅಂತಲೇ ಇದೆ. ಪುಸ್ತಕ ಬರೆದವನ ಮನೆಯಲ್ಲೂ ಎಮ್ಮೆ ಇದ್ದಿರಬೇಕು.

ಸಾವಕಾರರಿಗೆ ನಾನೇ ಹೋಗಿ ಹೇಳಿದೆ. ನಾಲ್ಕು ಮಾತು ಬೈದರು, ಎರಡು ಮರಾಠಿಯಲ್ಲಿ, ಎರಡು ಕನ್ನಡದಲ್ಲಿ. ತುಕಾರಾಮನಿಗೂ ಹೇಳಿದೆ. ಅವನು ಬೈಯಲಿಲ್ಲ, ಕೈ ಹಿಂದೆ ಸರಿಸಿಕೊಂಡು ನೆಲ ನೋಡಿದ. ಅದು ಬೈಗಳಕ್ಕಿಂತ ಹೆಚ್ಚು ನಾಟಿತು. ಮಂಗಳವಾರದ ತನಕ ಕಾಸಿ ನೋಡಲು ಒಪ್ಪಿಗೆ ಸಿಕ್ಕಿತು, ಟ್ಯಾಂಕರ್ ಮಾತ್ರ ರದ್ದಾಗಲಿಲ್ಲ.

ಫೆಬ್ರುವರಿ ೨೧, ಶನಿವಾರ

೧೦೬. ೧೦೮. ೧೧೦. ೧೧೦. ೧೧೦.

ಗಾಳಿಕೊಳವೆಯ ಬಾಯಿಗೆ ತಾಮ್ರದ ಸುರುಳಿ ಜೋಡಿಸಿ, ತಣ್ಣೀರಿನ ಪೀಪಾಯಿಯೊಳಗೆ ಹಾಯಿಸಿದ್ದೇವೆ. ಹಬೆ ನೀರಾಗಿ ಕ್ಯಾನಿಗೆ ತೊಟ್ಟಿಕ್ಕುತ್ತದೆ. ಎಷ್ಟು ನೀರು ಒಳಗಿತ್ತು ಅಂತ ಅಳೆಯಲು ಇದು ಪ್ರಾಜಕ್ತಾ ಹೂಡಿದ ಉಪಾಯ. ಸುರುಳಿ ಬಗ್ಗಿಸಿದವನು ನಾನು.

ಸಣ್ಣ ಉರಿಯ ಮುಂದೆ ಮಾತಿಗೆ ಹೊತ್ತು ಬಹಳ. ಆ ನೆಟ್ಟಗಿನ ಪ್ಯಾರಾ ಇದೆಯಲ್ಲ, ಅದನ್ನು ಪ್ಲಾಸ್ಟಿಕ್ಕಿನಲ್ಲಿ ಬೆರೆಸಿ ಕಣ್ಣಿಗೆ ಕಾಣದ ಕಿರಣ ಹಿಡಿಯುವ ಉಪಕರಣ ಮಾಡುತ್ತಾರಂತೆ. ಕಿರಣ ಬಡಿದರೆ ಮಿಣುಕ್ ಅನ್ನುತ್ತದೆ, ಆ ಮಿಣುಕನ್ನು ಯಂತ್ರ ಎಣಿಸುತ್ತದೆ. ಲೇಸರಿನಲ್ಲೂ ಬಳಸುತ್ತಾರೆ. ಪಾಲಿಯೆಸ್ಟರ್ ನೂಲಿಗೆ ಬಣ್ಣ ಒಳಗಿಳಿಸಲು ಬಳಸಿದ್ದೂ ಉಂಟು. ಕಟ್ಟಿಗೆಯ ಮೇಲೆ ಬೆಳೆಯುವ ಕೆಲವು ಅಣಬೆಗಳ ಬಣ್ಣದಲ್ಲಿ ಕೂಡ ಇವೇ ಮೂರು ಉಂಗುರ ಇರುತ್ತವಂತೆ. ಹಾಗಾದರೆ ಇದನ್ನು ಇಂಜಿನಿಯರುಗಳಿಗಿಂತ ಮೊದಲು ಅಣಬೆ ಮಾಡಿತು ಅಂದೆ. ಪ್ರಾಜಕ್ತಾ ನಕ್ಕಳು. ಸೋಮವಾರದಿಂದ ಇದೇ ಮೊದಲ ನಗು.

ಫೆಬ್ರುವರಿ ೨೨, ರವಿವಾರ

ಸಂಜೆ ನಾಲ್ಕಕ್ಕೆ ಪಂಪಿನ ಸದ್ದು ಪೂರ್ತಿ ನಿಂತಿತು. ಮುಳ್ಳು ಅಲುಗಾಡದೆ ನಿಂತಿದೆ. ಹಂಚಿನ ಮೇಲೆ ಹನಿ ಬಿಟ್ಟರೆ ಚಟ್ ಅನ್ನುವುದಿಲ್ಲ. ತುಪ್ಪ ಆಯಿತು.

ಆದರೆ ಕ್ಯಾನಿನಲ್ಲಿ ಎಂಟು ಲೀಟರ್ ನೀರು.

ಇನ್ನೊಮ್ಮೆ ಅಳೆದೆವು. ಎಂಟೇ. ನನ್ನ ತಂಬಿಗೆ ಹಿಡಿಯುವುದು ಒಂದೂಕಾಲು ಲೀಟರ್. ಪಂಪಿನ ಜಾಲರಿ ಬಿಚ್ಚಿ ನೋಡಿದರೆ ಹಳದಿ ಕೆಸರು ಅಂಟಿತ್ತು. ನಾನು ಬರೀ ನೀರು ಹಾಕಿದ್ದೆ.

"ಕಾಕಾ, ಖರೇ ಹೇಳ್ರಿ. ನೀವು ನೀರು ಹಾಕೀರೋ, ಇಲ್ಲ ನನ್ನ ಉಳಸಾಕ ಸುಳ್ಳ ಹೇಳಾಕತ್ತೀರೋ?"

"ಬೀರೋಬಾನ ಆಣಿ. ಹಾಕೀನಿ. ಆದ್ರ ಒಂದೇ ತಂಬಿಗಿ."

ಸಾವಕಾರರು ಕ್ಯಾನು ನೋಡಿ ತಲೆಯಾಡಿಸಿದರು. "ಒಂದೂಕಾಲು ಭೀಮಶಾನದು. ಉಳಿದ ಆರೂಮುಕ್ಕಾಲು ಯಾರದು? ಬ್ಯಾರಲಿನದು. ಹಸಿ ಎಣ್ಣಿ ಕೊಟ್ಟವರ ಹತ್ರ ನಾಳೆ ಮತ್ತ ತಗೋಬೇಕೇನು? ಟ್ಯಾಂಕರ್ ಬರ್ಲಿ." ಹೇಳುವಾಗ ಅವರು ಪ್ರಾಜಕ್ತಾಳ ಮುಖ ನೋಡಲಿಲ್ಲ. ಹಟ ಹಿಡಿದವರು ಹಾಗೆಯೇ.

ನಾವು ಎರಡು ದಿನ ಕಣ್ಣಲ್ಲಿ ಕಣ್ಣಿಟ್ಟು ಕಾದ ಎಣ್ಣೆ. ಕೊಡುವ ಮಾತೇ ಇಲ್ಲ.

ಫೆಬ್ರುವರಿ ೨೩, ಸೋಮವಾರ

ಮಧ್ಯಾಹ್ನ ರೊಟ್ಟಿಯ ಹೊತ್ತಿಗೆ ಎಲ್ಲರನ್ನೂ ಹೀಟರ್ ಕೋಣೆಗೆ ಕರೆದೆ. ಟಾವೆಲ್ಲಿನ ಅಂಚು ಹೊಲಿಯುವ ಸೋಮವ್ವ ಮತ್ತು ಅವಳ ಜೊತೆಯವರು, ಪಟ್ಟಿ ಕಟ್ಟಿಕೊಂಡ ತುಕಾರಾಮ, ಗೇಟು ಬಿಟ್ಟು ಶಿವಶರಣ. ಸಾವಕಾರರು ಬಾಗಿಲಲ್ಲಿ ನಿಂತರು. ಪ್ರಾಜಕ್ತಾ ಮೂಲೆಯಲ್ಲಿ ಸ್ಟೂಲಿನ ಮೇಲೆ.

"ಕಥಿ ಹೇಳತೀನಿ," ಅಂದೆ.

"ಹೊಲಗಿ ಬಿಟ್ಟು ಬಂದೀವಿ, ಸಣ್ಣದಿರ್ಲಿ," ಅಂದಳು ಸೋಮವ್ವ.

ತುಕಾರಾಮನ ಡಬ್ಬಿಯಿಂದ ನಟ್ಟು ತೆಗೆದು ಇಟ್ಟೆ. ಒಬ್ಬ ರಾಜ, ಹೆಸರು ಅಗ್ನಿರಾಜ. ಅವನ ಊರು ಇಲ್ಲಿ, ಬಟ್ಟೆಯೂರು ಅಲ್ಲಿ. ಬಟ್ಟೆಯೂರಿಗೆ ಕಾವು ಬೇಕು, ಆದರೆ ರಾಜ ತಾನೇ ಹೋದರೆ ಊರು ಸುಟ್ಟು ಬೂದಿ. ಕಾವನ್ನು ಹೊತ್ತು ಒಯ್ಯುವವರು ಯಾರು? ನೀರಣ್ಣ ಎದ್ದ. ನೂರು ಹೆಜ್ಜೆ ನಡೆದ, ಸಿಟ್ಟು ಬಂತು, ಹದಿನಾರು ನೂರು ಪಟ್ಟು ಉಬ್ಬಿ ಗೋಡೆ ಒಡೆದ. ಹಳೆ ಎಣ್ಣೆಪ್ಪ ಎದ್ದ. ಇನ್ನೂರೆಪ್ಪತ್ತು ಹೆಜ್ಜೆಗೆ ಮುಖ ಕಪ್ಪಾಗಿ ಕೂತ. ಆಗ ಮೂವರು ಅಕ್ಕತಂಗಿಯರು ಬಂದರು. ಮೂವರ ಮೈಮೇಲೂ ಮೂರು ಮೂರು ಉಂಗುರ. ಆರ್ಥವ್ವ ಬಾಗಿದವಳು, ಬೇಗ ಕರಗುವ ಕರುಳು. ಮೆಟವ್ವ ನಡುವಿನವಳು. ಪ್ಯಾರವ್ವ ನೆಟ್ಟಗೆ ನಿಂತವಳು, ಒಬ್ಬಳೇ ಇದ್ದರೆ ಕಲ್ಲು. ಮೂವರೂ ಕೂಡಿದರೆ ಹೊಳೆಯ ಹಾಗೆ ಹರಿಯುತ್ತಾರೆ. ಮುನ್ನೂರು ಹೆಜ್ಜೆ ಕಾವು ಹೊತ್ತು ಹೋಗಿ, ಬಟ್ಟೆಯೂರಿಗೆ ಕೊಟ್ಟು, ನಗುತ್ತ ತಿರುಗಿ ಬರುತ್ತಾರೆ.

"ಪ್ಯಾರವ್ವ ನಮ್ಮ ಅತ್ತಿ ಇದ್ದಂಗ," ಅಂದಳು ಸೋಮವ್ವ. ಎಲ್ಲರೂ ನಕ್ಕರು.

ನಗು ಇಳಿಯುವ ತನಕ ಕಾದು, ಮುಂದಿನದು ಹೇಳಿದೆ. ಅಕ್ಕತಂಗಿಯರ ಪಲ್ಲಕ್ಕಿಯೊಳಗೆ ನೀರಣ್ಣನನ್ನು ಕದ್ದು ಕೂಡಿಸಿದವನು ಒಬ್ಬನಿದ್ದ. ಕರಜಗಿಯವನು. ಕಥೆ ಹೇಳಲು ಬರುತ್ತದೆ, ಹೀಟರಿನ ಸಪ್ಪಳ ತಿಳಿಯುತ್ತದೆ ಅಂತ ಅವನಿಗೆ ಬಹಳ ಸೊಕ್ಕು. ಬೀರೋಬಾನ ತೀರ್ಥ ಅಂತ ಒಂದು ತಂಬಿಗೆ ಹೊಯ್ದ. ಅದರಿಂದ ಸುಟ್ಟದ್ದು ತುಕಾರಾಮನ ಕೈ. ಅದರಿಂದ ನಾಳೆ ಹನ್ನೊಂದಕ್ಕೆ ಹೋಗುವುದು ಪ್ರಾಜಕ್ತಾಬಾಯಿಯವರ ಕೆಲಸ.

ಯಾರೂ ನಗಲಿಲ್ಲ. ತಂಬಿಗೆಯನ್ನು ನಟ್ಟುಗಳ ಪಕ್ಕದಲ್ಲಿಟ್ಟೆ.

"ಇದು ಒಂದೂಕಾಲು ಲೀಟರ್ ಹಿಡಿತದ. ಕ್ಯಾನಿನಾಗ ಬಂದದ್ದು ಎಂಟು. ನನ್ನ ಕಥಿ ಇಲ್ಲಿಗೆ ತೀರ್ತು. ಉಳಿದ ಆರೂಮುಕ್ಕಾಲು ಲೀಟರಿನ ಕಥಿ ನನಗ ಗೊತ್ತಿಲ್ಲ. ಗೊತ್ತಿದ್ದವರು ಹೇಳಬೇಕು."

ಸೋಮವ್ವ ಸೆರಗು ಸರಿಮಾಡಿಕೊಂಡಳು. ಶಿವಶರಣನಿಗೆ ಗೇಟು ನೆನಪಾಯಿತು. ತುಕಾರಾಮ ನನ್ನ ಮುಖ ನೋಡದೆ ನಟ್ಟುಗಳನ್ನು ಒಂದೊಂದಾಗಿ ಡಬ್ಬಿಗೆ ಹಾಕಿದ. ಅಜ್ಜ ಪೀರಪ್ಪ ಹೇಳಿದ್ದರೆ ಕುರಿಗಳಾದರೂ ಉತ್ತರ ಕೊಡುತ್ತಿದ್ದವೇನೋ.

ಫೆಬ್ರುವರಿ ೨೪, ಮಂಗಳವಾರ

ಮುಂಜಾನೆ ಎಂಟಕ್ಕೆ ಹೀಟರ್ ಕೋಣೆಯ ಬೀಗ ತೆಗೆಯಲು ಬಂದರೆ ಬಾಗಿಲ ಮುಂದೆ ಪಾಳಿ ಹಚ್ಚಿ ನಿಂತಿದ್ದರು. ಮೊದಲು ಶಿವಶರಣ, ಕೈಯಲ್ಲಿ ದೊಡ್ಡ ಖಾಲಿ ಸ್ಟೀಲ್ ಕ್ಯಾನು.

"ಸಿದ್ಧರಾಮನ ಕೆರಿ ನೀರು ಹಾಕೀನಿ," ಅಂದ. "ಶಿವರಾತ್ರಿ ಮುಂಜಾನೆ, ನೀವು ಬರೂಕ್ಕಿಂತ ಮೊದಲ. ಮ್ಯಾಲೆ ಎರಡು ಪತ್ರಿ ಇಟ್ಟಿದ್ದೆ."

ಅವನ ಹಿಂದೆ ಸೋಮವ್ವ, ಪ್ಲಾಸ್ಟಿಕ್ ಬಾಟಲಿ ಹಿಡಿದು. "ನಮ್ಮ ಮೈಲಾರಲಿಂಗಂದು ತೀರ್ಥ. ಭಂಡಾರದ ಅರಿಷಿಣ ಕಲಸಿ ಹಾಕೀನಿ ಯಪ್ಪಾ. ಬೋರ್ಡ್ ಓದಾಕ ಬರತದ ನನಗ. ಆದ್ರ ಇದು ನೀರಲ್ಲಲ್ಲಾ ಅಂದ್ಕೊಂಡೆ."

"ಜಾಲರ್‍ಯಾಗಿನ ಹಳದಿ ನಿನ್ನದೇನವಾ!" ಅಂದೆ.

ಮೂರನೆಯವನು ತುಕಾರಾಮ. ಸುಟ್ಟ ಕೈಯಲ್ಲಿ ಹಿಡಿಯಲಾಗದೆ, ಪಂಢರಪುರದಿಂದ ತಂದ ಚಂದ್ರಭಾಗಾ ನೀರಿನ ಡಬ್ಬಿಯನ್ನು ಕಂಕುಳ ಸಂದಿಯಲ್ಲಿ ಒತ್ತಿಕೊಂಡಿದ್ದ.

"ನೀನೂ ಏನೋ? ಕೈ ಸುಟ್ಟಕೊಂಡವ ನೀನು!"

"ಅದಕ್ಕ ಬಾಯಿ ಮುಚ್ಚಿಕೊಂಡಿದ್ದೆ. ನೀ ಬಂದು ನಾ ಹಾಕೀನಿ ಅಂದಾಗ, ನನ್ನ ಪಾಲಿನ ಬೈಗಳಾನೂ ನೀನೇ ತಿಂದಿ. ನಾಕು ದಿನ ನಿದ್ದಿ ಹತ್ತಿಲ್ಲ ಮಾರಾಯ."

ಪ್ರಾಜಕ್ತಾಬಾಯಿಯವರು ಅಳತೆಯ ಜಾಡಿ ತಂದು, ಹೀಟರ್ ಪಕ್ಕದ ನೆಲದ ಮೇಲೆ ಕೂತು, ಒಂದೊಂದು ಪಾತ್ರೆಗೂ ನೀರು ತುಂಬಿ ಅಳೆದರು. ನಾನು ಸೀಮೆಸುಣ್ಣದಿಂದ ಬೋರ್ಡಿನ ಮೇಲೆ ಬರೆದೆ. ಬೀರೋಬಾ ಒಂದೂಕಾಲು. ಸಿದ್ಧರಾಮ ಎರಡೂವರೆ. ಮೈಲಾರ ಎರಡು. ಚಂದ್ರಭಾಗಾ ಎರಡು. ಒಟ್ಟು ಏಳೂಮುಕ್ಕಾಲು.

"ಕ್ಯಾನಿನಾಗ ಎಂಟು ಬಂದಾವ," ಅಂದರು ಪ್ರಾಜಕ್ತಾಬಾಯಿ. "ಒಂದಿಷ್ಟು ಹಬಿ ಗಾಳಿಗೂ ಹೋಗಿರತದ. ಕಮ್ಮೀತ ಕಮ್ಮಿ ಕಾಲು ಲೀಟರ್ ಇನ್ನೂ ಬೇಕು. ಮತ್ತ ಯಾರು?"

ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದರು. ಹೊಲಿಗೆಯವರು ನಾವಲ್ಲ, ನಾವಲ್ಲ ಅಂದರು. ಹೊರಗೆ ಟ್ಯಾಂಕರಿನ ಹಾರ್ನ್ ಕೇಳಿಸಿತು, ಎರಡು ತಾಸು ಮೊದಲೇ ಬಂದು ನಿಂತಿದೆ. ಶಿವಶರಣ ಗೇಟು ತೆಗೆಯಲು ಹೊರಟವನು ಬಾಗಿಲಲ್ಲೇ ನಿಂತ.

ಸೋಮವ್ವನ ಹಿಂದೆ, ಪಾಳಿಯ ಕೊನೆಯಲ್ಲಿ, ಅವಿನಾಶ ಸಾವಕಾರರು ನಿಂತಿದ್ದರು. ಕೆಮ್ಮಿದರು. ಅಂಗಿಯೊಳಗಿಂದ ಒಂದು ಬೆಳ್ಳಿಯ ಗಿಂಡಿ ತೆಗೆದು ಅಣ್ಣನ ಮಗಳ ಮುಂದೆ ಹಿಡಿದರು.

"ಅಕ್ಕಲಕೋಟ ಮಠದ ತೀರ್ಥ," ಅಂದರು. "ಎಷ್ಟ ಹಿಡಿತದ ನೋಡವಾ. ಶಿವಶರಣ, ಆ ಟ್ಯಾಂಕರಿನವಗ ಚಹಾ ಕುಡಿಸಿ ಕಳಸು."